ಜಗುಲಿಯ ಮೇಲೆ ಕಲಿಯುವ ಪಾಠ

ಎರಡು ದಿನ ಸಭಾಂಗಣದಲ್ಲಿ ಕೂರಿಸಿ, ಪ್ರೊಜೆಕ್ಟರ್ ತೋರಿಸಿ, ಪ್ರಮಾಣಪತ್ರ ಕೊಟ್ಟು ಕಳಿಸಿದರೆ ಆಶಾ ಕಾರ್ಯಕರ್ತೆಯರಿಗೆ ಖಿನ್ನತೆಯ ಲಕ್ಷಣಗಳು ಬಾಯಿಪಾಠವಾಗುತ್ತವೆ. ಆದರೆ ಖಿನ್ನತೆಯಲ್ಲಿ ಮುಳುಗಿದವರ ಎದುರು ಕೂತು ಮಾತಾಡಲು ಬರುವುದಿಲ್ಲ. ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ಮಲೆನಾಡಿನ ಹಳ್ಳಿಗಳಲ್ಲಿ ಓಡಾಡುವ ನನಗೆ ಇದು ಖಚಿತವಾಗಿದೆ. ಈ ಕೆಲಸ ಕೈಹತ್ತುವುದು ರೋಗಿಯ ಮನೆ ಜಗುಲಿಯಲ್ಲೇ, ಅನುಭವ ಇದ್ದವರೊಬ್ಬರು ಪಕ್ಕದಲ್ಲಿ ಕೂತಿದ್ದಾಗ.

ಮೊದಮೊದಲ ಭೇಟಿಗಳಲ್ಲಿ ನಾನು ಮಾತಾಡುತ್ತೇನೆ, ಅವರು ನೋಡುತ್ತಾರೆ. ಆಮೇಲೆ ಮಾತು ಅವರದು. ನಾನು ಸುಮ್ಮನಿರುತ್ತೇನೆ, ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಬಾಯಿ ಹಾಕುತ್ತೇನೆ.

ಒಂದು ಮನೆಯಲ್ಲಿ ಸ್ಕಿಜೋಫ್ರೇನಿಯಾ ಇದ್ದ ಹುಡುಗ ಗುಳಿಗೆ ತಪ್ಪಿಸುತ್ತಿದ್ದ. "ಯಾಕ್ ತಮ್ಮಾ, ಡಾಕ್ಟ್ರು ಅಷ್ಟು ಹೇಳಿದ್ರಲ್ಲ?" ಎಂದು ಕಾರ್ಯಕರ್ತೆ ಶುರು ಮಾಡಿದರು. ಅವನು ಮುಖ ತಿರುಗಿಸಿದ. ಅಷ್ಟರಲ್ಲಿ ತಾಯಿ ಕಾಫಿ ತಂದರು. ಅವನು ಲೋಟ ಎತ್ತಿದ್ದೇ ಕೈ ನಡುಗಿ ಕಾಫಿ ತುಳುಕಿತು. ಕಾರ್ಯಕರ್ತೆ ಸ್ವಲ್ಪ ಹೊತ್ತು ಆ ಕೈಯನ್ನೇ ನೋಡಿ, "ಈ ನಡುಕ ಗುಳಿಗೆ ಶುರುವಾದ ಮೇಲೆ ಬಂದಿದ್ದಾ?" ಎಂದರು.

"ಹೌದಕ್ಕಾ. ಮೆಟ್ಟುಗತ್ತಿ ಮುಂದೆ ಕೂತ್ರೆ ಕೈ ನಿಲ್ಲಲ್ಲ. ಅಡಿಕೆ ಸುಲಿಯೋಕೇ ಆಗ್ತಿಲ್ಲ."

ಮಾತು ಅಲ್ಲಿಂದ ಬಿಚ್ಚಿಕೊಂಡಿತು. ಈ ಕಾಯಿಲೆಯ ಕೆಲವು ಔಷಧಿಗಳಿಂದ ಕೈ ನಡುಕ, ಮೈ ಬಿಗಿತ ಬರುವುದುಂಟು. ವೈದ್ಯರು ಪ್ರಮಾಣ ಇಳಿಸಬಹುದು, ಬೇರೆ ಔಷಧಿ ಕೊಡಬಹುದು. ಗುಳಿಗೆ ಬದಲಿಸುವುದು ಕಾರ್ಯಕರ್ತೆಯ ಕೆಲಸವಲ್ಲ. ಆದರೆ ಈ ಸುದ್ದಿ ವೈದ್ಯರಿಗೆ ಮುಟ್ಟುವುದು ಅವರಿಂದಲೇ. ವಾಪಸ್ ಬರುವಾಗ, ಮೊದಲು ಅವನು ಯಾಕೆ ಮುಖ ತಿರುಗಿಸಿದ ಎಂದು ಕೇಳಿದೆ. "ನಾನು ಬೈದಂಗಾಯ್ತು ಮೇಡಂ" ಎಂದರು. ನಾನು ಹೇಳಿಕೊಡಲು ಏನೂ ಉಳಿದಿರಲಿಲ್ಲ.

ಊರಿನವರನ್ನೇ ತಯಾರು ಮಾಡುವ ಈ ದಾರಿಗೆ ಕರ್ನಾಟಕದಲ್ಲಿ ಹಳೆಯ ಇತಿಹಾಸವಿದೆ. 1970ರ ದಶಕದಲ್ಲಿ ನಿಮ್ಹಾನ್ಸ್ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಪ್ರಯೋಗ ನಡೆಯಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ಕಾರ್ಯಕರ್ತೆಯರ ನಾಲಿಗೆ ತಡವರಿಸುವುದು ಒಂದೇ ಪ್ರಶ್ನೆಗೆ: "ಸಾಯಬೇಕು ಅನ್ನಿಸುತ್ತಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ. ಹಾಗಾಗುವುದಿಲ್ಲ, ಒಳಗೇ ಬೇಯುತ್ತಿರುವವರಿಗೆ ಕೇಳುವವರೊಬ್ಬರು ಸಿಕ್ಕಂತಾಗುತ್ತದೆ. ಆ ಮಾತು ಬಾಯಲ್ಲಿ ಸಲೀಸಾಗುವ ತನಕ, ಒಬ್ಬರು ರೋಗಿಯಾಗಿ ಕೂತು ನಾವು ಅಭ್ಯಾಸ ಮಾಡುತ್ತೇವೆ. ಉತ್ತರ ಹೌದಾದರೆ ಅವರನ್ನು ಒಂಟಿಯಾಗಿ ಬಿಡಬಾರದು, ತೋಟಕ್ಕೆ ತಂದ ಕೀಟನಾಶಕ ಮನೆಯಿಂದ ಸಾಗಿಸಬೇಕು, ಕೂಡಲೇ ವೈದ್ಯರಿಗೆ ತಿಳಿಸಬೇಕು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಇಂಥ ಮಾತು ಕೇಳಿಬಂದವರಿಗೆ ರಾತ್ರಿ ನಿದ್ದೆ ಹತ್ತದಿರುವುದೂ ಉಂಟು. ಕೇಳಿಸಿಕೊಂಡ ಸಂಕಟವನ್ನು ಇಳಿಸಿಕೊಳ್ಳಲು ಅವರಿಗೂ ಒಬ್ಬರು ಬೇಕು. ಬಾಣಂತಿಯರ ಆರೈಕೆ, ಲಸಿಕೆ, ಸಮೀಕ್ಷೆಗಳ ನಡುವೆ ಈ ಕೆಲಸವನ್ನೂ ಅವರ ಹೆಗಲಿಗೆ ಹಾಕುವುದಾದರೆ, ತಿಂಗಳಲ್ಲಿ ಒಂದು ದಿನವನ್ನಾದರೂ ಹಿರಿಯರ ಜೊತೆಗಿನ ಭೇಟಿ ಮತ್ತು ಚರ್ಚೆಗೇ ಮೀಸಲಿಡಬೇಕು. ಆ ದಿನದ ಸಂಭಾವನೆ, ಬಸ್ ಖರ್ಚು ಇಲಾಖೆಯೇ ಕೊಡಬೇಕು.