ಕನಿಕರ ಹುಟ್ಟಿಸೋಕೆ ಇಷ್ಟು ಕ್ರೌರ್ಯ ಬೇಕಾ?

2018. ನೆಟ್‌ಫ್ಲಿಕ್ಸ್‌ನ 'ಥರ್ಟೀನ್ ರೀಸನ್ಸ್ ವೈ', ಎರಡನೇ ಸೀಸನ್. ಶಾಲೆಯ ಶೌಚಾಲಯದಲ್ಲಿ ಟೈಲರ್ ಅನ್ನೋ ಹುಡುಗನ ಮೇಲೆ ಸಹಪಾಠಿಗಳಿಂದಲೇ ಲೈಂಗಿಕ ದೌರ್ಜನ್ಯ. ನೋಡೋಕಾಗಲ್ಲ, ಅಷ್ಟು ಘೋರ. ಮುಂದೆ ಅವನು ಬಂದೂಕು ಹಿಡಿದು ಶಾಲೆಯ ಡ್ಯಾನ್ಸ್ ಪಾರ್ಟಿಗೆ ಹೊರಡ್ತಾನೆ. ಅವನ ಸಂಕಟ ನಮಗೆ ಅರ್ಥ ಆಗ್ಲಿ ಅಂತ ಇಷ್ಟೆಲ್ಲ. ಆದ್ರೆ ನಮ್ಮಲ್ಲಿ ಉಳಿಯೋದು ಕನಿಕರ ಅಲ್ಲ, ಗಾಬರಿ.

ಈಗ 2025ರ 'ಅಡೋಲೆಸೆನ್ಸ್' ಸರಣಿ ನೋಡಿ. 13 ವರ್ಷದ ಜೇಮೀ ಮಾಡಿದ ಕೊಲೆ ಕಾಣೋದು ಸಿಸಿಟಿವಿ ದೃಶ್ಯದಲ್ಲಿ ಮಾತ್ರ. ಮೂರನೇ ಎಪಿಸೋಡ್‌ನಲ್ಲಿ ಮನಶ್ಶಾಸ್ತ್ರಜ್ಞೆ ಪ್ರೀತಿಯಿಂದ ತಂದ ಹಾಟ್ ಚಾಕೊಲೇಟ್ ಕಪ್ಪನ್ನ ಸಿಟ್ಟಲ್ಲಿ ಎಸೀತಾನೆ. ಕೊನೆಗೆ, ನಾನು ನಿಮಗೆ ಇಷ್ಟಾನಾ ಅಂತ ಅವರನ್ನೇ ಗೋಗರೀತಾನೆ. ಭಯ, ಮರುಕ ಎರಡೂ ಒಟ್ಟಿಗೇ ಬರುತ್ತೆ.

ಮನೇಲಿ ಹದಿಹರೆಯದ ಮಕ್ಕಳಿದ್ರೆ 'ಅಡೋಲೆಸೆನ್ಸ್' ಅನ್ನ ಜೊತೆಗೇ ಕೂತು ನೋಡಿ, ಮಾತಾಡಿ.