ತ್ರಾಸಿಯ ಕಡಲಿಗೆ ಯಾವ ಕ್ಯಾಮೆರಾ? ಲಾರ್ಜ್ ಫಾರ್ಮ್ಯಾಟ್ ಕುರಿತ ತಪ್ಪು ಕಲ್ಪನೆಗಳು ಮತ್ತು ವಾಸ್ತವ

ತ್ರಾಸಿಯಿಂದ ಮರವಂತೆಗೆ ಹೋಗುವ ಹೆದ್ದಾರಿಯ ಒಂದು ಮಗ್ಗುಲಿಗೆ ಅರಬ್ಬಿ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ಹೊಳೆ, ಹೊಳೆಯಾಚೆ ತೆಂಗಿನ ತೋಟ, ಅದರ ಹಿಂದೆ ಕೊಡಚಾದ್ರಿ. ಇದನ್ನೆಲ್ಲ 4×5 ಇಂಚಿನ ಶೀಟ್ ಫಿಲ್ಮಿನ ಮೇಲೆ ಇಳಿಸಬೇಕೆಂದು ಆಸೆಪಡುವ ಹೊಸಬರು ಮೊದಲು ಕೇಳುವುದು, ಯಾವ ಕ್ಯಾಮೆರಾ ಕೊಳ್ಳಲಿ ಎಂದು. ಉತ್ತರ ಹೇಳುವವರೂ ಒಂದು ಕಂಪನಿಯ ಹೆಸರು ಹೇಳಿ ಸುಮ್ಮನಾಗುತ್ತಾರೆ. ಆದರೆ ಒಣ ಹವೆಯ ದೇಶಗಳಲ್ಲಿ ಹುಟ್ಟಿದ ಸಲಹೆಯನ್ನು ಹಾಗೇ ನಮ್ಮ ಕರಾವಳಿಗೆ ತಂದರೆ ದುಡ್ಡೂ ಹಾಳು, ಫಿಲ್ಮೂ ಹಾಳು. ಇಲ್ಲಿ ಸಾಮಾನು ಯಾವುದಿರಬೇಕೆಂದು ತೀರ್ಮಾನಿಸುವುದು ಗಾಳಿ, ಉಪ್ಪು ಮತ್ತು ತೇವ.

ತಪ್ಪು ಕಲ್ಪನೆ: ಕ್ಯಾಮೆರಾ ದುಬಾರಿಯಾದಷ್ಟೂ ಚಿತ್ರ ಚೆನ್ನಾಗಿ ಬರುತ್ತದೆ

ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾ ಅಂದರೆ ಬೆಳಕು ನುಸುಳದ ಒಂದು ಪೆಟ್ಟಿಗೆ. ಮುಂದೆ ಲೆನ್ಸ್ ಹಿಡಿಯುವ ಚೌಕಟ್ಟು, ಹಿಂದೆ ಫಿಲ್ಮ್ ಹಿಡಿಯುವ ಚೌಕಟ್ಟು, ನಡುವೆ ಮಡಿಕೆಯಾಗಿ ಚಾಚುವ ಬೆಲ್ಲೋಸ್. ಒಂದೇ ಲೆನ್ಸನ್ನು ಒಂದೂಕಾಲು ಕಿಲೋ ಆಸುಪಾಸಿನ ಇಂಟ್ರೆಪಿಡ್‌ಗೆ ಹಾಕಿ ತೆಗೆದ ನೆಗೆಟಿವ್‌ಗೂ ಅದರ ಎರಡರಷ್ಟು ಭಾರದ ಲಿನ್‌ಹೋಫ್‌ಗೆ ಹಾಕಿ ತೆಗೆದ ನೆಗೆಟಿವ್‌ಗೂ, ಎರಡೂ ಅಲುಗದೆ ನಿಂತಿದ್ದರೆ, ವ್ಯತ್ಯಾಸ ಕಾಣುವುದಿಲ್ಲ. ಹೆಚ್ಚಿನ ದುಡ್ಡಿಗೆ ಸಿಗುವುದು ಗಟ್ಟಿತನ ಮತ್ತು ಬಿಗಿಯಾದ ಲಾಕುಗಳು. ಅವು ಬೇಡವೆಂದಲ್ಲ, ಆದರೆ ಕೈಯಲ್ಲಿರುವ ಹಣ ಮೊದಲು ಟ್ರೈಪಾಡಿಗೆ, ಆಮೇಲೆ ಲೆನ್ಸಿಗೆ, ಫಿಲ್ಮ್ ಹೋಲ್ಡರಿಗೆ, ಲೈಟ್ ಮೀಟರಿಗೆ ಹೋಗಲಿ. ಉಳಿದದ್ದರಲ್ಲಿ ಕ್ಯಾಮೆರಾ.

ನೆರೆಯ ಕೇರಳದ ಆಲಪ್ಪುಳದಲ್ಲಿ ತಯಾರಾಗುತ್ತಿದ್ದ ವಾಗೀಶ್ವರಿ ಮರದ ಕ್ಯಾಮೆರಾಗಳು ಒಂದು ಕಾಲಕ್ಕೆ ದೇಶದ ಎಷ್ಟೋ ಸ್ಟುಡಿಯೊಗಳಲ್ಲಿದ್ದವು. ಸಂಗೀತ ವಾದ್ಯಗಳ ಕೆಲಸ ಬಲ್ಲ ಮನೆಯವರು ಒಂದು ಹಾಳಾದ ಬೆಲ್ಲೋಸ್ ರಿಪೇರಿ ಮಾಡಲು ಹೋಗಿ ಶುರುವಾದ ಉದ್ಯಮ ಅದು. ಮರಗೆಲಸ, ಹಿತ್ತಾಳೆ ಕೆಲಸ, ಬೆಲ್ಲೋಸ್ ಮಡಚುವ ಕಲೆ ಮೂರೂ ಬಲ್ಲವರು ಈ ಪೆಟ್ಟಿಗೆಯನ್ನು ನಮ್ಮ ಪಶ್ಚಿಮ ಕರಾವಳಿಯಲ್ಲೇ ಕಟ್ಟುತ್ತಿದ್ದರು. ಹಳೆಯದನ್ನು ಕೊಳ್ಳುವವರು ಹೆಸರಿಗಿಂತ ಮೊದಲು ಬೆಲ್ಲೋಸ್ ನೋಡಬೇಕು. ಕತ್ತಲೆ ಕೋಣೆಯಲ್ಲಿ ಅದನ್ನು ಪೂರ್ತಿ ಎಳೆದು, ಒಳಗೆ ಟಾರ್ಚ್ ಇಟ್ಟು, ಒಂದೊಂದು ಮಡಿಕೆಯ ಮೂಲೆಯನ್ನೂ ಪರೀಕ್ಷಿಸಿ. ಸೂಜಿಮೊನೆಯಷ್ಟು ಬೆಳಕು ಕಂಡರೂ ಕಡಲತೀರದ ಬಿಸಿಲಲ್ಲಿ ಫಿಲ್ಮಿಗೆ ಮಂಜು ಕವಿಯುತ್ತದೆ.

ಸ್ಟುಡಿಯೊದ ಮೊನೊರೈಲ್ ಕ್ಯಾಮೆರಾ ಹೊರಗೆ ಒಯ್ಯಲು ಬಾರದು ಎಂಬುದೂ ಅರ್ಧ ಸತ್ಯ. ಕೊಡಚಾದ್ರಿ ಹತ್ತುವವರಿಗೆ ಅದು ಖಂಡಿತ ಹೊರೆ. ಮರವಂತೆಯಲ್ಲಿ ಮಾತ್ರ ಗಾಡಿ ನಿಲ್ಲಿಸಿದ ಜಾಗದಿಂದ ಕಡಲು ಕೆಲವೇ ಹೆಜ್ಜೆ. ಸೆಕೆಂಡ್ ಹ್ಯಾಂಡ್ ಸಿನಾರ್ ಮೊನೊರೈಲ್ ಅಗ್ಗಕ್ಕೆ ಸಿಕ್ಕರೆ ಇಲ್ಲಿಗೆ ಅದೇ ಒಳ್ಳೆಯ ವ್ಯಾಪಾರ.

ತಪ್ಪು ಕಲ್ಪನೆ: ಲ್ಯಾಂಡ್‌ಸ್ಕೇಪ್ ಅಂದರೆ ವೈಡ್ ಲೆನ್ಸ್

ಸಣ್ಣ ಲೆಕ್ಕ ಹಾಕೋಣ. ಕೊಡಚಾದ್ರಿಯ ಎತ್ತರ 1343 ಮೀಟರ್. ತ್ರಾಸಿಯಿಂದ ನೇರ ಗೆರೆಯಲ್ಲಿ ದೂರ ಸುಮಾರು 30 ಕಿಲೋಮೀಟರ್. 4×5ಕ್ಕೆ ವೈಡ್ ಎನಿಸುವ 90 ಎಂಎಂ ಲೆನ್ಸಿನಲ್ಲಿ ಅಷ್ಟು ದೊಡ್ಡ ಬೆಟ್ಟ ಫಿಲ್ಮಿನ ಮೇಲೆ ಬರೀ 4 ಮಿಲಿಮೀಟರ್ ಎತ್ತರಕ್ಕೆ ಕೂರುತ್ತದೆ. ಕಣ್ಣಿಗೆ ಇಡೀ ಮೂಡಣವನ್ನೇ ತುಂಬಿಕೊಂಡಂತೆ ಕಂಡ ಬೆಟ್ಟ ಚಿತ್ರದಲ್ಲಿ ಒಂದು ಗೀರಾಗಿಬಿಡುತ್ತದೆ. 300 ಎಂಎಂ ಹಾಕಿದರೆ 13 ಮಿಲಿಮೀಟರ್. ಆಗ ಹೊಳೆ, ತೋಟ, ಬೆಟ್ಟ ಮೂರಕ್ಕೂ ಅವುಗಳ ತೂಕ ಬರುತ್ತದೆ. ಹೊಳೆಯ ಕಡೆಗೆ ತಿರುಗುವವರಿಗೆ ಉದ್ದ ಲೆನ್ಸ್ ಬೇಕು, ಅದಕ್ಕೆ ತಕ್ಕಷ್ಟು ಚಾಚುವ ಬೆಲ್ಲೋಸೂ ಬೇಕು. 300 ಎಂಎಂ ಲೆನ್ಸನ್ನು ಅನಂತಕ್ಕೆ ಫೋಕಸ್ ಮಾಡಲೇ ಸುಮಾರು 300 ಮಿಲಿಮೀಟರ್ ಬೆಲ್ಲೋಸ್ ಎಳೆಯಬೇಕಾಗುತ್ತದೆ. ಟೆಲಿಫೋಟೊ ವಿನ್ಯಾಸದ ಲೆನ್ಸಾದರೆ ಕಡಿಮೆ ಸಾಕು.

ಒಂದೇ ಲೆನ್ಸ್ ಕೊಳ್ಳುವವರಿಗೆ ನಾನು ಹೇಳುವುದು 150 ಎಂಎಂ. ಇಲ್ಲಿ ಫೋಕಲ್ ಲೆಂಗ್ತ್‌ನಷ್ಟೇ ಮುಖ್ಯ ಇಮೇಜ್ ಸರ್ಕಲ್, ಅಂದರೆ ಲೆನ್ಸ್ ಬೀಳಿಸುವ ಬೆಳಕಿನ ವೃತ್ತ. 4×5 ಫಿಲ್ಮಿನ ಕರ್ಣ ಸುಮಾರು 153 ಮಿಲಿಮೀಟರ್. ಹಳೆಯ 90 ಎಂಎಂ ಆ್ಯಂಗ್ಯುಲಾನ್ ಎಫ್/6.8 ಇದನ್ನು ಕಷ್ಟಪಟ್ಟು ಮುಚ್ಚುತ್ತದೆ, ಅಷ್ಟೇ. ಹೊಳೆಬದಿಯ ತೆಂಗಿನ ಮರಗಳು ನೆಟ್ಟಗೆ ನಿಲ್ಲಲೆಂದು ಲೆನ್ಸನ್ನು ಮೇಲಕ್ಕೆ ಸರಿಸಿದ, ಅಂದರೆ ರೈಸ್ ಕೊಟ್ಟ ಕೂಡಲೇ ಮೂಲೆ ಕಪ್ಪಾಗುತ್ತದೆ. ಅದೇ 90 ಎಂಎಂನ ಸೂಪರ್ ಆ್ಯಂಗ್ಯುಲಾನ್ ಎಫ್/8ರ ವೃತ್ತ 216 ಮಿಲಿಮೀಟರ್. ಸರಿಸಾಡಲು ಧಾರಾಳ ಜಾಗ. ಹೆಸರಿನಲ್ಲಿ ಒಂದು ಪದ ಹೆಚ್ಚು, ಕೆಲಸದಲ್ಲಿ ಅಜಗಜಾಂತರ.

ತಪ್ಪು ಕಲ್ಪನೆ: ಲೆನ್ಸ್ ಬಗ್ಗಿಸಿದರೆ ಎಲ್ಲವೂ ಫೋಕಸ್ ಆಗುತ್ತದೆ

ಟಿಲ್ಟ್ ಕೊಟ್ಟಾಗ ಫೋಕಸ್ ಆಗುವ ಸಮತಲ ಮಲಗುತ್ತದೆ, ಅದೇನೂ ದಪ್ಪವಾಗುವುದಿಲ್ಲ. ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ 150 ಎಂಎಂ ಲೆನ್ಸ್ ಇದ್ದರೆ, ಅದನ್ನು ಸುಮಾರು 6 ಡಿಗ್ರಿ ಮುಂದಕ್ಕೆ ಬಗ್ಗಿಸಿದಾಗ ಆ ಸಮತಲ ತ್ರಾಸಿಯ ಹೊಯ್ಗೆಯ ಮೇಲೆ ಟ್ರೈಪಾಡಿನ ಬುಡದಿಂದ ದಿಗಂತದವರೆಗೆ ಚಾಪೆಯಂತೆ ಹಾಸಿಕೊಳ್ಳುತ್ತದೆ. ಕಾಲ ಬಳಿಯ ಏಡಿಯ ಗುಳಿ, ದೂರದ ಅಲೆ ಎರಡೂ ನಿಚ್ಚಳ. ಕ್ಯಾಮೆರಾದ ಹಿಂದಿನ ಗ್ರೌಂಡ್ ಗ್ಲಾಸಿನ ಮೇಲೆ ಕಪ್ಪು ಬಟ್ಟೆಯೊಳಗಿಂದ ಇದನ್ನು ಮೊದಲ ಸಲ ನೋಡುವುದು ಈ ಕೆಲಸದ ದೊಡ್ಡ ಸುಖಗಳಲ್ಲೊಂದು.

ಅದೇ ಚೌಕಟ್ಟಿನಲ್ಲಿ ಹತ್ತಿರದ ತೆಂಗಿನ ಮರವೊಂದು ಬಂದರೆ? ಬುಡ ನಿಚ್ಚಳ, ತಲೆ ಮಸುಕು. ಮರವಂತೆಯಲ್ಲಿ ಕಡಲ್ಕೊರೆತಕ್ಕೆಂದು ಒಟ್ಟಿದ ಬಂಡೆಗಲ್ಲಿನ ತಡೆಗೋಡೆಯೂ ಹೀಗೇ ಮೋಸ ಮಾಡುತ್ತದೆ, ಯಾಕೆಂದರೆ ಅದು ಕ್ಯಾಮೆರಾದ ಹತ್ತಿರವೇ ಎದ್ದು ನಿಂತಿರುತ್ತದೆ. ಅಲ್ಲಿ ಟಿಲ್ಟ್ ಬಿಟ್ಟು, ಎಫ್/22ಕ್ಕೆ ಇಳಿಸಿ, 10 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ 5 ಮೀಟರಿನಿಂದ ಅನಂತದವರೆಗೆ ಸಾಕಷ್ಟು ಸ್ಪಷ್ಟತೆ ಸಿಗುತ್ತದೆ. ನೋಡಲು ನಾಲ್ಕರಿಂದ ಆರು ಪಟ್ಟಿನ ಲೂಪ್ ಬೇಕು. ಬಟ್ಟೆಯ ಹೊರಮೈ ಬಿಳಿಯಿರಲಿ. ಪೂರ್ತಿ ಕಪ್ಪಿದ್ದರೆ ನಮ್ಮ ಸೆಕೆಗೆ ಅದರೊಳಗೆ ಎರಡು ನಿಮಿಷ ನಿಲ್ಲಲಾಗದು.

ತಪ್ಪು ಕಲ್ಪನೆ: ಎಫ್/64ಕ್ಕೆ ಇಳಿಸಿದರೆ ಇನ್ನೂ ಶಾರ್ಪ್

1932ರಲ್ಲಿ ಛಾಯಾಗ್ರಾಹಕರಾದ ಆ್ಯನ್ಸೆಲ್ ಆ್ಯಡಮ್ಸ್, ಎಡ್ವರ್ಡ್ ವೆಸ್ಟನ್ ಮೊದಲಾದವರು ತಮ್ಮ ಬಳಗಕ್ಕೆ ಇದೇ ಹೆಸರಿಟ್ಟರು ಎಂಬುದರಿಂದ ಬಂದ ನಂಬಿಕೆ. ವೆಸ್ಟನ್ 8×10 ಇಂಚಿನ ನೆಗೆಟಿವನ್ನು ಹಿಗ್ಗಿಸದೆ ನೇರ ಕಾಗದಕ್ಕೆ ಒತ್ತಿ ಪ್ರಿಂಟ್ ಮಾಡುತ್ತಿದ್ದರು. ಎಫ್/64ರಲ್ಲಿ ಬೆಳಕಿನ ವಿವರ್ತನೆಯಿಂದ ಒಂದು ಚುಕ್ಕಿ ಸುಮಾರು 0.09 ಮಿಲಿಮೀಟರಿಗೆ ಹರಡುತ್ತದೆ. ಹಾಗೆ ಒತ್ತಿದ ಪ್ರಿಂಟಿನಲ್ಲಿ ಅದು ಕಣ್ಣಿಗೆ ಬೀಳದು. 4×5ನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ಕಾಣುತ್ತದೆ. ಎಫ್/22ರಿಂದ ಎಫ್/64ಕ್ಕೆ ಹೋದರೆ ಎಕ್ಸ್‌ಪೋಷರ್ ಎಂಟು ಪಟ್ಟು ಉದ್ದವಾಗುತ್ತದೆ ಕೂಡ, ಕಡಲ ಗಾಳಿಯೋ ಅಷ್ಟು ಹೊತ್ತು ಕಾಯುವುದಿಲ್ಲ. ಮುಸ್ಸಂಜೆಯಲ್ಲಿ ಇನ್ನೊಂದು ತೊಡಕಿದೆ: ಎಕ್ಸ್‌ಪೋಷರ್ ಉದ್ದವಾದಂತೆ ಫಿಲ್ಮಿನ ವೇಗ ಕುಗ್ಗುತ್ತದೆ. ಮೀಟರ್ 30 ಸೆಕೆಂಡ್ ತೋರಿಸಿದರೆ ಇಲ್ಫರ್ಡ್ ಎಫ್‌ಪಿ4 ಪ್ಲಸ್‌ಗೆ ಕೊಡಬೇಕಾದದ್ದು ಸುಮಾರು 72 ಸೆಕೆಂಡ್.

ತಪ್ಪು ಕಲ್ಪನೆ: ಟ್ರೈಪಾಡ್ ಭಾರವಿದ್ದರೆ ಸಾಕು

ಹೊಯ್ಗೆಯಲ್ಲಿ ಭಾರ ಅರ್ಧ ಉತ್ತರ ಮಾತ್ರ. ಅಲೆ ಹಿಂದೆ ಸರಿಯುವಾಗ ಕಾಲಡಿಯ ಮರಳನ್ನು ಕೊರೆದೊಯ್ಯುತ್ತದೆ, ಟ್ರೈಪಾಡ್ ಎಷ್ಟೇ ಭಾರವಿದ್ದರೂ ಕುಸಿಯುತ್ತದೆ. ಕ್ಯಾಮೆರಾ ಏರಿಸುವ ಮೊದಲೇ ಮೂರೂ ಕಾಲನ್ನು ಗಟ್ಟಿ ಸಿಗುವವರೆಗೆ ಒತ್ತಿ ಹೂತು, ಆಮೇಲೆ ಮಟ್ಟ ನೋಡಿ. ಎಳೆದ ಬೆಲ್ಲೋಸ್ ಗಾಳಿಗೆ ಅಡ್ಡ ಹಿಡಿದ ಹಲಗೆಯಿದ್ದ ಹಾಗೆ, ಆದ್ದರಿಂದ ಗಾಳಿ ಬರುವ ಕಡೆ ಕೊಡೆ ಹಿಡಿದು ನಿಲ್ಲಲು ಒಬ್ಬರು ಜೊತೆಗಿರಲಿ. ಟ್ರೈಪಾಡಿಗೆ ಚೀಲ ನೇತುಹಾಕುವುದಾದರೆ ಅದರ ತಳ ನೆಲಕ್ಕೆ ತಾಗಿರಬೇಕು, ಇಲ್ಲವಾದರೆ ತೂಗಾಡಿ ಇನ್ನಷ್ಟು ಅಲುಗಿಸುತ್ತದೆ. ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ, ಉಪ್ಪಿನ ಹನಿಯೂ ಕಡಿಮೆ. ಸೂರ್ಯಾಸ್ತಕ್ಕೇ ಎಲ್ಲರೂ ಮುಗಿಬೀಳುತ್ತಾರೆ, ನನ್ನ ಮಟ್ಟಿಗೆ ಇಲ್ಲಿ ಲಾರ್ಜ್ ಫಾರ್ಮ್ಯಾಟಿನ ಹೊತ್ತು ಬೆಳಗು. ಮರಳಿದ ಮೇಲೆ ಕಾಲುಗಳನ್ನು ಬಿಚ್ಚಿ ಸಿಹಿನೀರಿನಲ್ಲಿ ತೊಳೆದು ಒಣಗಿಸದಿದ್ದರೆ ಅಲ್ಯೂಮಿನಿಯಂ ಲಾಕುಗಳು ಹಿಡಿದುಕೊಂಡುಬಿಡುತ್ತವೆ.

ತಪ್ಪು ಕಲ್ಪನೆ: ಎಕ್ಸ್-ರೇ ಫಿಲ್ಮ್ ಇದೆಯಲ್ಲ, ದುಬಾರಿ ಫಿಲ್ಮ್ ಯಾಕೆ

ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಮುಚ್ಚಿದ ಮೇಲೆ ಶೀಟ್ ಫಿಲ್ಮಿಗೆ ಇಲ್ಫರ್ಡ್, ಕೊಡಾಕ್, ಫೋಮಾದಂಥ ಹೊರಗಿನ ಕಂಪನಿಗಳೇ ಗತಿ. ಹೀಗಾಗಿ ಅಗ್ಗದ ಎಕ್ಸ್-ರೇ ಫಿಲ್ಮಿನತ್ತ ಕಣ್ಣು ಹೋಗುವುದು ಸಹಜ, ಮತ್ತು ಕಲಿಯಲು ಅದು ನಿಜಕ್ಕೂ ಒಳ್ಳೆಯದು. ಮಂದ ಕೆಂಪು ದೀಪದಲ್ಲಿ ಡೆವಲಪ್ ಮಾಡಬಹುದಾದ್ದರಿಂದ ಚಿತ್ರ ಮೂಡುವುದನ್ನು ಕಣ್ಣಾರೆ ನೋಡಬಹುದು. ಆದರೆ ಕೊಳ್ಳುವಾಗ ಎಚ್ಚರ. ಈಗ ಆಸ್ಪತ್ರೆಗಳು ಡಿಜಿಟಲ್ ಯಂತ್ರದಿಂದ ಪ್ರಿಂಟ್ ತೆಗೆಯುವ ಡ್ರೈ ಫಿಲ್ಮ್ ಕ್ಯಾಮೆರಾಕ್ಕೆ ಬರುವುದಿಲ್ಲ. ದ್ರಾವಣದಲ್ಲಿ ತೊಳೆಯುವ ಹಳೆಯ ಬಗೆಯೇ ಬೇಕು. 8×10ರ ಹಾಳೆಯನ್ನು ಸರಿಯಾಗಿ ನಾಲ್ಕು ತುಂಡು ಮಾಡಿದರೂ ಹೋಲ್ಡರಿಗೆ ಹೋಗದು, ಯಾಕೆಂದರೆ 4×5 ಎಂದು ಮಾರುವ ಫಿಲ್ಮ್ ಆ ಅಳತೆಗಿಂತ ಕೂದಲೆಳೆ ಚಿಕ್ಕದು. ಎರಡೂ ಬದಿಗೆ ಒಂದೆರಡು ಮಿಲಿಮೀಟರ್ ಹೆರೆಯಬೇಕು. ಎರಡೂ ಮೈಗೆ ಲೇಪನವಿರುವುದರಿಂದ ಉಗುರು ತಾಗಿದರೂ ಗೀರು. ಟ್ರೇಯ ತಳಕ್ಕೆ ಗಾಜು ಹಾಕಿಕೊಳ್ಳಿ.

ಎಲ್ಲಕ್ಕಿಂತ ದೊಡ್ಡ ಮಾತು, ಅದಕ್ಕೆ ಕೆಂಪು ಕಾಣುವುದಿಲ್ಲ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಕೆಂಪು ಬಳಿದ ದೋಣಿ ಎಲ್ಲವೂ ಕಪ್ಪಗೆ ಬರುತ್ತವೆ, ಆಕಾಶ ಬಿಳುಚುತ್ತದೆ. ಸಂಜೆಯ ಬೆಳಕು ಕೆಂಪಾದಂತೆ ಫಿಲ್ಮಿನ ವೇಗವೂ ಇಳಿಯುತ್ತದೆ. ಬೆಳಿಗ್ಗೆ ಸರಿಬಂದ ಲೆಕ್ಕ ಸಂಜೆ ಕೈಕೊಡುವುದು ಇದಕ್ಕೇ. ಕಪ್ಪು ಮುರಕಲ್ಲು ನಿಮಗೆ ಒಪ್ಪಿಗೆಯಿದ್ದರೆ ಬಳಸಿ. ಇಲ್ಲವಾದರೆ ಎಫ್‌ಪಿ4 ಪ್ಲಸ್ ಅಥವಾ ಫೋಮಾಪಾನ್ 100 ಕೊಳ್ಳುವುದೇ ಸರಿ.

ತಪ್ಪು ಕಲ್ಪನೆ: ಮಳೆಗಾಲದಲ್ಲಿ ಪೆಟ್ಟಿಗೆಯಲ್ಲಿ ಭದ್ರವಾಗಿ ಮುಚ್ಚಿಟ್ಟರಾಯಿತು

ಜೂನ್ ತಿಂಗಳಲ್ಲಿ ಚರ್ಮದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಲೆನ್ಸಿಗೆ ಸೆಪ್ಟೆಂಬರಿನೊಳಗೆ ಬೂಷ್ಟು ಹಿಡಿಯುತ್ತದೆ. ಕತ್ತಲೆ, ತೇವ, ಗಾಳಿಯಾಡದ ಜಾಗ, ಜೊತೆಗೆ ಚರ್ಮ: ಫಂಗಸ್‌ಗೆ ಬೇಕಾದದ್ದೆಲ್ಲ ಅಲ್ಲೇ ಇದೆ. ತೇವಾಂಶವನ್ನು ಶೇ 40ರಿಂದ 50ರೊಳಗೆ ಇಡುವ ಡ್ರೈ ಕ್ಯಾಬಿನೆಟ್ ಕೊಳ್ಳಿ. ಇಲ್ಲವೇ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಮತ್ತು ತೇವಾಂಶ ಮಾಪಕ ಇಡಿ. ಇನ್ನೂ ಒಣಗಿಸಲು ಹೋದರೆ ಮರದ ಕ್ಯಾಮೆರಾ ಮತ್ತು ಚರ್ಮದ ಬೆಲ್ಲೋಸ್ ಬಿರಿಯುತ್ತವೆ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತಿ, ಸದ್ದು ಕೇಳಿಸಿಕೊಳ್ಳಿ. ಮೊದಲು ಅಂಟುವುದು ನಿಧಾನದ ವೇಗಗಳೇ. ಫ್ರಿಜ್ಜಿನಲ್ಲಿಟ್ಟ ಫಿಲ್ಮಿನ ಡಬ್ಬವನ್ನು ಕೋಣೆಯ ಬಿಸಿಗೆ ಬರುವ ಮೊದಲೇ ತೆರೆದರೆ ಹಾಳೆಗಳ ಮೇಲೆ ನೀರು ಕೂರುತ್ತದೆ.

ತಪ್ಪು ಕಲ್ಪನೆ: ಇದು ನಮ್ಮ ನೆಲಕ್ಕೆ ಸಂಬಂಧವಿಲ್ಲದ ಹವ್ಯಾಸ

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯನ್ನು ಸುಮಾರು 16×18 ಇಂಚಿನ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದ. ಮೇಣ ಹಾಕಿದ ಕಾಗದವನ್ನು ಮೊದಲೇ ಸಿದ್ಧಮಾಡಿಟ್ಟುಕೊಂಡು ಬಿಸಿಲಿನಲ್ಲಿ ಒಯ್ಯಬಹುದಿತ್ತು. ಹಸಿಯಾಗಿದ್ದಾಗಲೇ ಬಳಸಿ ಮುಗಿಸಬೇಕಾದ ಗಾಜಿನ ಫಲಕಗಳಿಗಿಂತ ನಮ್ಮ ಹವೆಗೆ ಅದು ಒಗ್ಗುತ್ತಿತ್ತು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳನ್ನು ಹುಡುಕಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವ ಕಲ್ಲು ಉಳಿದಿದೆ, ಯಾವುದು ಹೋಗಿದೆ ಎಂದು ಬೆರಳಿಟ್ಟು ತೋರಿಸಬಹುದು.

ನಮ್ಮ ತೀರ ಹಂಪಿಗಿಂತ ಬೇಗ ಬದಲಾಗುತ್ತಿದೆ. ಹೆದ್ದಾರಿ ಅಗಲವಾಯಿತು, ತಡೆಗೋಡೆ ಬಂತು, ಕಡಲು ಪ್ರತಿ ಮಳೆಗಾಲವೂ ದಡವನ್ನು ತಿನ್ನುತ್ತಿದೆ. ಇದರ ದಾಖಲೆಗೆ 4×5 ನೆಗೆಟಿವಿನಷ್ಟು ನಂಬಿಕೆಯ ಸಾಧನ ಕಡಿಮೆ. ಆದ್ದರಿಂದ ಕ್ಯಾಮೆರಾ ಚೀಲದಲ್ಲಿ ಒಂದು ನೋಟ್‌ಬುಕ್ಕನ್ನೂ ಕಡ್ಡಾಯವಾಗಿ ಇಟ್ಟುಕೊಳ್ಳಿ. ಪ್ರತಿ ಹಾಳೆಗೂ ದಿನಾಂಕ, ಗಂಟೆ, ಲೆನ್ಸ್, ಕ್ಯಾಮೆರಾದ ಎತ್ತರ, ಎಷ್ಟು ಟಿಲ್ಟ್, ಎಷ್ಟು ರೈಸ್ ಎಂದು ಬರೆಯಿರಿ. ಟ್ರೈಪಾಡ್ ನಿಂತ ಜಾಗವನ್ನು ಹೆದ್ದಾರಿಯ ಕಿಲೋಮೀಟರ್ ಕಲ್ಲಿನಿಂದಲೋ ಸೇತುವೆಯ ಕಂಬದಿಂದಲೋ ಅಳೆದು ಗುರುತಿಸಿ. ಮರಳಿನ ಮೇಲಿನ ಗುರುತು ನೆಚ್ಚಬೇಡಿ.