ಹಲ್ಲಿನ ವೈದ್ಯರ ಭಯವೂ ಅದರ ಶಮನೋಪಾಯವೂ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳಲ್ಲಿ ಹಲ್ಲು ನೋಯುವವರು ಲವಂಗವನ್ನು ಕಚ್ಚಿ, ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಯಿಸಿ ಉಂಡು ದಿನ ನೂಕುವುದನ್ನು ನಾವು ಕಂಡಿದ್ದೇವೆ. ಕಲಬುರಗಿಯಲ್ಲಿ ದಂತವೈದ್ಯ ಕಾಲೇಜುಗಳಿದ್ದರೂ ಭಯವು ಅವರನ್ನು ಮನೆಯಲ್ಲಿಯೇ ಹಿಡಿದಿಡುತ್ತದೆ. ಅಷ್ಟರಲ್ಲಿ ಕೀವು ದವಡೆಗೆ ಇಳಿಯುತ್ತದೆ.

ಈ ಭಯಕ್ಕೆ ನಾಚಬೇಕಾದುದಿಲ್ಲ, ಅದಕ್ಕೂ ಔಷಧವುಂಟು. ನೋವನ್ನು ತಡೆಯುವುದು ವಸಡನ್ನು ಮರಗಟ್ಟಿಸುವ ಸೂಜಿಮದ್ದು. ಮನಸ್ಸಿನ ಕಳವಳವನ್ನು ತಗ್ಗಿಸುವ ಉಪಾಯಗಳು ಬೇರೆ. ಮೊದಲನೆಯದು, 1844ರಲ್ಲಿ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸನು ತನ್ನ ಹಲ್ಲನ್ನೇ ಕೀಳಿಸಿಕೊಂಡು ಪರೀಕ್ಷಿಸಿದ ನೈಟ್ರಸ್ ಆಕ್ಸೈಡ್ ಅನಿಲ. ಇಂದು ಅದನ್ನು ಆಮ್ಲಜನಕದೊಡನೆ ಬೆರೆಸಿ ಮೂಗಿನ ಮೂಲಕ ಕೊಡುವರು. ರೋಗಿಗಳು ಎಚ್ಚರವಾಗಿಯೇ ಇದ್ದು ಮಾತಿಗೆ ಉತ್ತರ ಕೊಡಬಲ್ಲರು, ನಿಲ್ಲಿಸಿದ ಕೆಲವು ನಿಮಿಷಗಳಲ್ಲಿ ಅಮಲು ಇಳಿಯುವುದು. ಎರಡನೆಯದು ಮುಂಚಿತವಾಗಿ ನುಂಗುವ ಗುಳಿಗೆ. ಅದರ ಮಂಪರು ಬಹಳ ಹೊತ್ತು ಇರುವುದರಿಂದ ಮನೆಗೆ ಕರೆದೊಯ್ಯಲು ಜೊತೆಗಾರರು ಬೇಕು. ಮೂರನೆಯದು ರಕ್ತನಾಳಕ್ಕೆ ಕೊಡುವ ಔಷಧ. ಉಸಿರನ್ನೂ ನಾಡಿಯನ್ನೂ ಕಾಯುವ ನುರಿತವರಿಲ್ಲದೆ ಅದು ಸಲ್ಲದು. ಗರ್ಭಿಣಿಯರೂ, ಶ್ವಾಸರೋಗವುಳ್ಳವರೂ, ಬೇರೆ ಔಷಧ ಸೇವಿಸುವವರೂ ಅದನ್ನು ಮೊದಲೇ ತಿಳಿಸತಕ್ಕದ್ದು.

ತಾಯಂದಿರಲ್ಲಿ ನಮ್ಮದೊಂದು ವಿನಂತಿ: “ಹಟ ಮಾಡಿದರೆ ಸೂಜಿ ಮಾಡಿಸುವೆನು” ಎಂದು ಮಕ್ಕಳನ್ನು ಬೆದರಿಸಬೇಡಿರಿ. ನಿಮ್ಮ ಭಯವನ್ನೂ ವೈದ್ಯರೆದುರು ಮರೆಯಿಲ್ಲದೆ ಹೇಳಿರಿ. ತಕ್ಕ ಉಪಾಯವನ್ನು ಅವರು ಆರಿಸುವುದು ಅದನ್ನು ಕೇಳಿದ ಮೇಲೆಯೇ.